ಯುದ್ಧವಧುವಾಗಿ ಕೊಡಗಿನ ಗೌರಮ್ಮ: ಆಕರಗಳ ಮರುಓದು

1

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಜನವರಿ 26ರಂದು, ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ‘ಅರ್ಜೆಂಟೀನಾ’ ಎಂಬ ಹಡಗು ನ್ಯೂಯಾರ್ಕಿಗೆ ಹೊರಟಿತು. ಅದರಲ್ಲಿದ್ದವರು ಅಮೆರಿಕದ ಸೈನಿಕರನ್ನು ಮದುವೆಯಾಗಿದ್ದ ಬ್ರಿಟಿಷ್ ಹೆಣ್ಣುಮಕ್ಕಳು ಮತ್ತು ಅವರ ಎಳೆಯ ಕೂಸುಗಳು. ಅವರು ತಮ್ಮ ಗಂಡಂದಿರನ್ನು ಸೇರಿಕೊಳ್ಳಲು ಅನುಕೂಲವಾಗುವಂತೆ ಅಮೆರಿಕ ಹಿಂದಿನ ಡಿಸೆಂಬರಿನಲ್ಲಷ್ಟೇ ಒಂದು ವಿಶೇಷ ಕಾಯಿದೆಯನ್ನು ಮಾಡಿತ್ತು. ಅದೇ ಫೆಬ್ರವರಿಯಿಂದ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿಯೂ ಇಂಥ ಹಡಗುಗಳು ಬಂದು ನಿಲ್ಲತೊಡಗಿದವು. ಕೆನಡಾಕ್ಕೆ ಹೀಗೆ ಹೋದವರ ಸಂಖ್ಯೆಯೇ ನಲವತ್ತು ಸಾವಿರವನ್ನು ಮೀರುತ್ತದೆ; ಅವರಲ್ಲಿ ಬಹುಪಾಲು ಬ್ರಿಟಿಷ್ ಸ್ತ್ರೀಯರು. ಚರಿತ್ರೆಕಾರರು ಇವರನ್ನು ಸೂಚಿಸಲು ಬಳಸುವ ಪದಕ್ಕೆ ಕನ್ನಡದಲ್ಲಿ ರೂಢಿಯ ಸಮಾನಪದವಿಲ್ಲ. ಪ್ರಸ್ತುತ ಲೇಖನದಲ್ಲಿ ‘ಯುದ್ಧವಧು’ ಎಂಬ ರೂಪವನ್ನು ಬಳಸಿಕೊಳ್ಳಲಾಗಿದೆ.

ಈ ಸ್ತ್ರೀಯರ ಬಗೆಗೆ ಇಂದು ಹೇರಳವಾದ ಬರೆಹವಿದೆ. ಅವರು ತವರಿಗೆ ಬರೆದ ಪತ್ರಗಳಿವೆ, ದಿನಚರಿಗಳಿವೆ, ಮುಪ್ಪಿನಲ್ಲಿ ಹೇಳಿ ಬರೆಸಿದ ನೆನಪುಗಳಿವೆ. ನಗರದಿಂದ ಹೋದವಳು ಕೆನಡಾದ ಬಯಲುಸೀಮೆಯ ಒಂಟಿಮನೆಯಲ್ಲಿ ನೀರು ಸೇದಿ ಬದುಕಿದ್ದನ್ನೂ, ಅತ್ತೆಮನೆಯ ಅಡುಗೆ ಕಲಿತದ್ದನ್ನೂ, ಊರಿಗೆ ಮರಳಲು ಹಣ ಕೂಡಿಡುತ್ತಿದ್ದುದನ್ನೂ ಆಕೆಯ ಮಾತಿನಲ್ಲಿಯೇ ಓದಬಹುದು. ಹಾಗಾಗಿ ಆ ಬದುಕುಗಳು ನಮಗೆ ಒಳಗಿನಿಂದ ತಿಳಿಯುತ್ತವೆ.

ಯುದ್ಧಕ್ಕೂ ಹೆಣ್ಣಿಗೂ ಇರುವ ಸಂಬಂಧ ಕನ್ನಡದ ಅಧ್ಯಯನಕಾರರಿಗೆ ಹೊಸ ವಿಷಯವೇನಲ್ಲ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಅಡ್ಡಾಡಿದ ಯಾರಿಗೂ ವೀರಗಲ್ಲುಗಳ ಪರಿಚಯವಿರುತ್ತದೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಶಾಸನಗಳಲ್ಲಿ ಜೊತೆಜೊತೆಯಾಗಿ ಬರುತ್ತವೆ. ದನ, ಊರು, ಹೆಣ್ಣು ಮೂರೂ ಕಾದಾಟದಲ್ಲಿ ಕಳೆದುಹೋಗಬಹುದಾದ ಅಥವಾ ಉಳಿಸಿಕೊಳ್ಳಬೇಕಾದ ವಸ್ತುಗಳು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬಂದ 1966ರಿಂದ ಈ ವಿಷಯ ನಮ್ಮ ತರಗತಿಗಳಲ್ಲಿ ಚರ್ಚೆಯಾಗುತ್ತಲೇ ಇದೆ. ಇನ್ನೊಂದು ತುದಿಯಲ್ಲಿ ಸಂಧಿಗಾಗಿ ನಡೆದ ವಿವಾಹಗಳಿವೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ ಚೋಳ ವೀರರಾಜೇಂದ್ರ ಮಗಳನ್ನು ಕೊಟ್ಟದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ವೀರಗಲ್ಲು ಹುಯ್ಯಲಿಟ್ಟ ಹೆಣ್ಣಿನ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಸತ್ತ ಗಂಡಿನ ಹೆಸರನ್ನು ಹೇಳುತ್ತದೆ. ಈ ಅಂಶವನ್ನು ಓದುಗರು ಮುಂದಿನ ಚರ್ಚೆಗಾಗಿ ಗಮನದಲ್ಲಿಟ್ಟುಕೊಳ್ಳಬೇಕು.

ಕನ್ನಡನಾಡಿಗೆ ಸಂಬಂಧಿಸಿದಂತೆ ಯುದ್ಧವಧು ಎಂಬ ಪರಿಕಲ್ಪನೆಗೆ ಅತ್ಯಂತ ಸಮೀಪವಾಗಿ ಬರುವ ಬದುಕು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನದು. 1834ರ ಯುದ್ಧದಲ್ಲಿ ಆಕೆಯ ತಂದೆ ರಾಜ್ಯ ಕಳೆದುಕೊಂಡ. 1860ರಲ್ಲಿ ಆಕೆ, ಆ ರಾಜ್ಯವನ್ನು ಗೆದ್ದ ಕಂಪೆನಿಯ ಮದರಾಸು ಸೈನ್ಯದಲ್ಲಿದ್ದ ಅಧಿಕಾರಿಯೊಬ್ಬನ ಹೆಂಡತಿಯಾಗಿ ಇಂಗ್ಲೆಂಡಿನಲ್ಲಿ ನೆಲೆ ನಿಂತಳು. ಯುದ್ಧಕ್ಕೂ ಮದುವೆಗೂ ನಡುವೆ ಇಪ್ಪತ್ತಾರು ವರ್ಷಗಳ ಅಂತರವಿದೆ, ಇದನ್ನು ಯುದ್ಧದ ಮದುವೆ ಎನ್ನುವುದು ಹೇಗೆ ಎಂದು ಕೇಳಬಹುದು. ಆ ಅಂತರದಲ್ಲಿ ನಡೆದ ಪ್ರತಿಯೊಂದು ಸಂಗತಿಯೂ ಯುದ್ಧದ ಲೆಕ್ಕಾಚಾರದ ಮುಂದುವರಿಕೆಯಾಗಿತ್ತು ಎಂಬುದು ಈ ಲೇಖನದ ಒಂದು ವಾದ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೌರಮ್ಮನ ಬಗೆಗೆ ನಾವು ಓದುತ್ತ ಬಂದಿರುವ ಕಥೆಯ ಬಹುಭಾಗವನ್ನು ಬರೆದಿಟ್ಟವಳು ಆ ಮದುವೆಯಲ್ಲಿ ನೇರವಾಗಿ ಸಂಬಂಧಪಟ್ಟವಳು. ಈ ಸಂಗತಿಗೆ ಸಲ್ಲಬೇಕಾದ ತೂಕ ನಮ್ಮ ಬರೆಹಗಳಲ್ಲಿ ಸಂದಿಲ್ಲ.

2

ಹಾಲೇರಿಯ ಅರಸರು ಕೊಡವರಲ್ಲ, ಲಿಂಗಾಯತರು. ಇಕ್ಕೇರಿಯ ನಾಯಕರ ಮನೆತನಕ್ಕೆ ಸೇರಿದ ವೀರರಾಜ ಎಂಬವನು ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು, ಜನರ ವಿಶ್ವಾಸ ಗಳಿಸಿ, ಕ್ರಮೇಣ ಕೊಡಗಿನ ಒಡೆಯನಾದನೆಂದು ಪರಂಪರೆ ಹೇಳುತ್ತದೆ. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳನ್ನು ಬಲ್ಲ ನಮ್ಮ ಭಾಗದ ಓದುಗರಿಗೆ ಗೌರಮ್ಮ ಈ ದೃಷ್ಟಿಯಿಂದ ದೂರದವಳಲ್ಲ. ಮಲೆನಾಡಿನಿಂದ ಹೋದ ಬಳ್ಳಿಯೊಂದರ ಕೊನೆಯ ಕುಡಿ. ಮೂಲ ಮನೆತನದ ರಾಜ್ಯ 1763ರಲ್ಲಿ ಹೈದರಾಲಿಯ ವಶವಾಯಿತು, ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿಗೆ ಹೋದಳು. ಎಪ್ಪತ್ತೊಂದು ವರ್ಷಗಳ ಅನಂತರ ಕೊಡಗಿನ ಕವಲೂ ಮುರಿಯಿತು.

ಎರಡು ಮನೆತನಗಳೂ ತಮ್ಮ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿಕೊಂಡವು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅಲ್ಲಿಯದು. ದೊಡ್ಡವೀರರಾಜೇಂದ್ರನ ಆಜ್ಞೆಯಂತೆ ಸಿದ್ಧವಾದ ‘ರಾಜೇಂದ್ರನಾಮೆ’ ಇಲ್ಲಿಯದು. ಗಂಡುಮಕ್ಕಳಿಲ್ಲದ ದೊಡ್ಡವೀರರಾಜೇಂದ್ರ ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ್ದ. 1809ರಲ್ಲಿ ಅವನು ತೀರಿಕೊಂಡ ಮೇಲೆ ಆ ಏರ್ಪಾಡು ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ; ತಮ್ಮ ಲಿಂಗರಾಜೇಂದ್ರ ಅಧಿಕಾರವನ್ನು ತಾನೇ ತೆಗೆದುಕೊಂಡ. ಅವನ ಮಗನೇ 1820ರಲ್ಲಿ ಪಟ್ಟಕ್ಕೆ ಬಂದ ಚಿಕ್ಕವೀರರಾಜೇಂದ್ರ. ಇವನ ತಂಗಿಯ ಹೆಸರೂ ದೇವಮ್ಮಾಜಿ. ಆಕೆ ಗಂಡ ಚನ್ನಬಸವಪ್ಪನೊಡನೆ 1832ರಲ್ಲಿ ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದಳು. ಅವರನ್ನು ಒಪ್ಪಿಸಬೇಕೆಂದು ಅರಸ, ಒಪ್ಪಿಸುವುದಿಲ್ಲವೆಂದು ಕಂಪೆನಿ ಹಟ ಹಿಡಿದದ್ದು ಯುದ್ಧಕ್ಕೆ ನೆಪವಾಯಿತು. ಅರಸನ ಕ್ರೌರ್ಯದ ಬಗೆಗೆ ಬ್ರಿಟಿಷರು ಬರೆದದ್ದು ಬಹಳ. ಅದರಲ್ಲಿ ನಿಜವೂ ಇದೆ. ರಾಜ್ಯವನ್ನು ನುಂಗಲು ಬೇಕಾದ ಸಮರ್ಥನೆಯೂ ಇದೆ. ಎರಡನ್ನೂ ಬಿಡಿಸಿ ನೋಡುವ ಕೆಲಸ ಇಲ್ಲಿಯ ಉದ್ದೇಶವಲ್ಲ.

1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ನಾಲ್ಕು ದಿಕ್ಕುಗಳಿಂದ ಕೊಡಗನ್ನು ಪ್ರವೇಶಿಸಿತು. ಮಡಿಕೇರಿ ಬಿತ್ತು, ಅರಸ ಶರಣಾದ. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರನ ಘೋಷಣೆಯಿಂದ ಕೊಡಗು ಕಂಪೆನಿಯ ನಾಡಾಯಿತು. ಅರಸನನ್ನು ಪರಿವಾರದೊಡನೆ ಬೆಂಗಳೂರು, ವೆಲ್ಲೂರುಗಳ ಮಾರ್ಗವಾಗಿ ಕೊನೆಗೆ ಕಾಶಿಗೆ ಕಳುಹಿಸಲಾಯಿತು. ಗೌರಮ್ಮ ಹುಟ್ಟಿದ್ದು ಆ ಕಾಶಿಯಲ್ಲಿ, 1841ರ ಜುಲೈ ತಿಂಗಳಲ್ಲಿ. ‘ಕೊಡಗಿನ ರಾಜಕುಮಾರಿ’ ಎಂದು ಇಂಗ್ಲೆಂಡಿನಲ್ಲಿ ಹೆಸರಾದವಳು ಕೊಡಗು ಕೈಬಿಟ್ಟ ಏಳು ವರ್ಷಗಳ ಮೇಲೆ ಜನಿಸಿದವಳು. ಕಾಶಿಯಿಂದ ಹೋದದ್ದು ನೇರ ಲಂಡನ್ನಿಗೆ.

ರಾಜ್ಯವಿಲ್ಲದ ಅರಸನ ಬಳಿ ಉಳಿದಿದ್ದ ರಾಜಕೀಯ ಬಂಡವಾಳವೆಂದರೆ ಹೆಣ್ಣುಮಕ್ಕಳು ಎಂಬುದನ್ನು ಕಠಿಣವಾದರೂ ಹೇಳಬೇಕಾಗುತ್ತದೆ. ನೇಪಾಳದ ಪ್ರಬಲ ಮಂತ್ರಿ ಜಂಗಬಹಾದೂರ್ ರಾಣಾ ಇಂಗ್ಲೆಂಡಿನಿಂದ ಮರಳುತ್ತ ಕಾಶಿಗೆ ಬಂದಾಗ ಅರಸ ತನ್ನ ಒಬ್ಬ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟ. ಜಂಗಬಹಾದೂರನ ಸಂಗಡ ಪಯಣಿಸಿದ ಲಾರೆನ್ಸ್ ಆಲಿಫೆಂಟ್ 1852ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಈ ವಿವಾಹದ ವರ್ಣನೆಯಿದೆ. ಒಬ್ಬಳು ಹಿಮಾಲಯದ ದರಬಾರಿಗೆ, ಮತ್ತೊಬ್ಬಳು ಬ್ರಿಟಿಷ್ ರಾಣಿಯ ಆಸ್ಥಾನಕ್ಕೆ. ಅಕ್ಕನ ಮದುವೆಯನ್ನು ಮರೆತು ತಂಗಿಯ ಕಥೆಯನ್ನು ಮಾತ್ರ ಹೇಳಿದಾಗ ಅದು ಅಪೂರ್ವವಾದ ಅದೃಷ್ಟದಂತೆ ತೋರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ತಂದೆಯ ಯೋಚನೆ ಕಾಣಿಸುತ್ತದೆ.

3

ಮಗಳ ವಿದ್ಯಾಭ್ಯಾಸದ ಕಾರಣ ನೀಡಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಅನುಮತಿ ಪಡೆದು, ಚಿಕ್ಕವೀರರಾಜೇಂದ್ರ 1852ರಲ್ಲಿ ಇಂಗ್ಲೆಂಡಿಗೆ ಹೋದ. ಅವನ ಜೊತೆ ಹನ್ನೊಂದು ವರ್ಷದ ಗೌರಮ್ಮ ಇದ್ದಳು. ಅವನ ಮನಸ್ಸಿನಲ್ಲಿದ್ದ ಇನ್ನೊಂದು ಉದ್ದೇಶ ಹಣಕಾಸಿನದು. ದೊಡ್ಡವೀರರಾಜೇಂದ್ರನ ಕಾಲದಲ್ಲಿ ಕಂಪೆನಿಯ ಸಾಲಪತ್ರಗಳಲ್ಲಿ ಹೂಡಿದ್ದ ದೊಡ್ಡ ಮೊತ್ತವೊಂದಿತ್ತು; ಯುದ್ಧದ ಸಂದರ್ಭದಲ್ಲಿ ಕಂಪೆನಿ ಅದನ್ನೂ ತನ್ನ ವಶ ಮಾಡಿಕೊಂಡಿತ್ತು. ಅದನ್ನು ಮರಳಿ ಪಡೆಯಲು ಅವನು ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪೆನಿಯ ಮೇಲೆಯೇ ದಾವೆ ಹೂಡಿದ. ರಾಣಿಯ ಕೃಪೆಗೆ ಪಾತ್ರಳಾದ ಮಗಳು ಇಂಥ ದಾವೆಯಲ್ಲಿ ಹೇಗೆ ನೆರವಾಗಬಲ್ಲಳೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿಗೆ ಬಂದ ಕೆಲವೇ ವಾರಗಳಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ದೀಕ್ಷೆ ಕೊಟ್ಟರು. ರಾಣಿ ವಿಕ್ಟೋರಿಯಾ ಸ್ವತಃ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ. ಅದೇ ವರ್ಷ ಆಸ್ಥಾನದ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಭಾವಚಿತ್ರ ಬರೆದ. ಕೆಲವು ವರ್ಷಗಳ ಮೇಲೆ ಮರೊಕೆಟ್ಟಿ ಎಂಬ ಶಿಲ್ಪಿ ಬಣ್ಣ ಲೇಪಿಸಿದ ಅಮೃತಶಿಲೆಯಲ್ಲಿ ಆಕೆಯ ಎದೆಮಟ್ಟದ ಪ್ರತಿಮೆ ಮಾಡಿದ. ಅದು ವೈಟ್ ದ್ವೀಪದ ಆಸ್ಬೋರ್ನ್ ಅರಮನೆಯದು. ಗೌರಮ್ಮನ ಮುಖ ನಮಗೆ ಇಷ್ಟು ಸ್ಪಷ್ಟವಾಗಿ ಪರಿಚಿತವಾಗಿರುವುದು, ಆಕೆಯ ದನಿ ಇಷ್ಟು ಅಪರಿಚಿತವಾಗಿರುವುದು ಒಂದೇ ಆಸಕ್ತಿಯ ಎರಡು ಪರಿಣಾಮಗಳು. ನೋಡಿದವರಿಗೆ ಆಕೆ ನೋಡಬೇಕಾದ ವ್ಯಕ್ತಿಯಾಗಿದ್ದಳು.

ಆಕೆ ಒಬ್ಬಳೇ ಹೀಗೆ ಬಂದವಳಲ್ಲ. ಪಶ್ಚಿಮ ಆಫ್ರಿಕದ ಯೊರುಬಾ ಬಾಲಕಿಯೊಬ್ಬಳನ್ನು ದಹೋಮಿಯ ದೊರೆ 1850ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫೋರ್ಬ್ಸ್‌ನ ಮೂಲಕ ರಾಣಿಗೆ ಕಾಣಿಕೆಯಾಗಿ ಕಳುಹಿಸಿದ್ದ. ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಹೆಸರಿನಿಂದ ರಾಣಿಯ ಆಶ್ರಯದಲ್ಲಿ ಬೆಳೆದ ಆಕೆಗೆ 1862ರಲ್ಲಿ ಬ್ರೈಟನ್ನಿನಲ್ಲಿ ಮದುವೆಯಾಯಿತು. ವರನನ್ನು ಒಪ್ಪಿಕೊಳ್ಳುವಂತೆ ಆಕೆಯ ಮೇಲೆ ಒತ್ತಡವಿತ್ತು. ಪಂಜಾಬಿನ ರಾಜ್ಯ ಕಳೆದುಕೊಂಡ ಬಾಲಕ ಮಹಾರಾಜ ದುಲೀಪ್ ಸಿಂಗ್ 1854ರಲ್ಲಿ ಬಂದ. ಸೋತ ನಾಡುಗಳ ಮಕ್ಕಳನ್ನು ರಾಣಿಯ ವಾತ್ಸಲ್ಯದ ಕೆಳಗೆ ತರುವುದು ಆ ದಶಕದ ಒಂದು ಪದ್ಧತಿಯೇ ಆಗಿತ್ತು. ವಾತ್ಸಲ್ಯ ಸುಳ್ಳಾಗಿತ್ತೆಂದು ಹೇಳಲು ಆಧಾರಗಳಿಲ್ಲ. ರಾಣಿಗೆ ಈ ಹುಡುಗಿಯ ಮೇಲೆ ನಿಜವಾದ ಮಮತೆ ಇದ್ದಂತೆಯೇ ಕಾಣುತ್ತದೆ. ಆದರೆ ಆ ಮಮತೆಯ ಕೈಯಲ್ಲಿ ಯಾವ ನಿರ್ಧಾರಗಳಿದ್ದವು ಎಂಬುದನ್ನು ಕೇಳಬೇಕಾಗಿದೆ.

4

ಹನ್ನೊಂದು ವರ್ಷದ ಹುಡುಗಿಯನ್ನು ಬ್ರಿಟಿಷ್ ಕುಟುಂಬಗಳಲ್ಲಿ ಇರಿಸಿ ಬೆಳೆಸಲಾಯಿತು. ಕಾಶಿಯಿಂದ ಜೊತೆಗೆ ಬಂದಿದ್ದ ಡ್ರಮಂಡ್ ದಂಪತಿಗಳು ಮೊದಲು. ಆಮೇಲೆ ಕಂಪೆನಿಯ ಆಡಳಿತ ಮಂಡಳಿಯ ಪ್ರಮುಖನಾಗಿದ್ದ ಸರ್ ಜೇಮ್ಸ್ ಹಾಗ್‌ನ ಮನೆ. ತಂದೆ ಅದೇ ಲಂಡನ್ನಿನಲ್ಲಿದ್ದರೂ ಮಗಳನ್ನು ಅವನ ಪ್ರಭಾವದಿಂದ ದೂರವಿಡಬೇಕೆಂಬುದು ಪೋಷಕರ ನಿಲುವಾಗಿತ್ತು. ಒಂದು ವಿಚಿತ್ರವನ್ನು ಗಮನಿಸಬೇಕು: ತಂದೆ ಯಾವ ಕಂಪೆನಿಯ ವಿರುದ್ಧ ದಾವೆ ಹೂಡಿದ್ದನೋ ಅದೇ ಕಂಪೆನಿಯ ಆಡಳಿತಗಾರನ ಮನೆಯಲ್ಲಿ ಮಗಳು ಬೆಳೆಯುತ್ತಿದ್ದಳು. ಅಲ್ಲಿ ಆಕೆ ಸುಖವಾಗಿರಲಿಲ್ಲ. ಆಕೆಯ ಹಟ, ಚಾಂಚಲ್ಯಗಳ ಬಗೆಗೆ ದೂರುಗಳು ಬಂದವು. ಹದಿಹರೆಯದ ಹುಡುಗಿಯೊಬ್ಬಳು ಬೇಸರಗೊಂಡು ನಡೆದುಕೊಂಡ ರೀತಿಯನ್ನು ರಕ್ತದ, ಸೀಮೆಯ, ‘ಪೌರಸ್ತ್ಯ ಸ್ವಭಾವ’ದ ದೋಷವೆಂದು ವಿವರಿಸುವ ಚಾಳಿ ಆ ಕಾಲದ ಬರೆಹಗಳಲ್ಲಿ ಹೊಸದಲ್ಲ.

ಆಕೆಯನ್ನು ದುಲೀಪ್ ಸಿಂಗನಿಗೆ ಕೊಟ್ಟು ಮದುವೆ ಮಾಡಬೇಕೆಂಬುದು ರಾಣಿಯ ಆಸೆಯಾಗಿತ್ತು. ಇಬ್ಬರೂ ರಾಜ್ಯ ಕಳೆದುಕೊಂಡ ಮನೆಗಳವರು, ಇಬ್ಬರೂ ಕ್ರೈಸ್ತ ದೀಕ್ಷೆ ಪಡೆದವರು, ಇಬ್ಬರೂ ರಾಣಿಯ ಆಶ್ರಿತರು. ಲಾಹೋರಿನವನಿಗೂ ಹಾಲೇರಿಯವಳಿಗೂ ಇದರ ಹೊರತು ಸಾಮಾನ್ಯವಾದದ್ದು ಏನಿತ್ತು ಎಂಬ ಪ್ರಶ್ನೆ ಆಸ್ಥಾನಕ್ಕೆ ಹೊಳೆದಂತಿಲ್ಲ. ದೂರದಿಂದ ನೋಡಿದವರಿಗೆ ಹಿಂದೂಸ್ಥಾನ ಒಂದೇ ಮನೆಯಂತೆ ಕಂಡಿರಬೇಕು. ದುಲೀಪ್ ಸಿಂಗ್ ಒಪ್ಪಲಿಲ್ಲ. ಅವನು 1864ರಲ್ಲಿ ಬಂಬಾ ಮ್ಯೂಲರ್ ಎಂಬವಳನ್ನು ಮದುವೆಯಾದ. ಅವನಿಗೆ ನಿರಾಕರಿಸುವ ಅವಕಾಶವಿತ್ತು, ಆ ನಿರಾಕರಣೆ ದಾಖಲಾಯಿತು ಎಂಬುದು ಮುಖ್ಯ. ಗೌರಮ್ಮನಿಗೆ ಈ ಸಂಬಂಧ ಬೇಕಿತ್ತೋ ಬೇಡವಿತ್ತೋ ಎಂಬುದಕ್ಕೆ ಅಂಥ ನೇರವಾದ ಮಾತು ಎಲ್ಲಿಯೂ ನಿಂತಿಲ್ಲ.

ದುಲೀಪ್ ಸಿಂಗನ ಪೋಷಕನಾಗಿದ್ದವನು ಸರ್ ಜಾನ್ ಲಾಗಿನ್. ಅವನ ಹೆಂಡತಿ ಲೇಡಿ ಲಾಗಿನ್ 1850ರ ದಶಕದ ಕೊನೆಯಲ್ಲಿ ಗೌರಮ್ಮನ ಪೋಷಕಿಯಾದಳು. 1860ರಲ್ಲಿ, ಹತ್ತೊಂಬತ್ತು ವರ್ಷದ ಗೌರಮ್ಮನಿಗೆ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನೊಡನೆ ವಿವಾಹವಾಯಿತು. ವರ ಮದರಾಸು ಸೈನ್ಯದ ಅಧಿಕಾರಿ. ಮೊದಲ ಹೆಂಡತಿಯನ್ನು ಕಳೆದುಕೊಂಡವನು, ಮಕ್ಕಳಿದ್ದವನು, ವಯಸ್ಸಿನಲ್ಲಿ ಆಕೆಗಿಂತ ಬಹಳ ದೊಡ್ಡವನು. ಅವನು ಲೇಡಿ ಲಾಗಿನ್‌ಳ ಸ್ವಂತ ಅಣ್ಣ.

ಆಕರಗಳ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಗೌರಮ್ಮನ ಇಂಗ್ಲೆಂಡಿನ ಬದುಕಿಗೆ ಎಲ್ಲರೂ ಆಶ್ರಯಿಸುವ ಮುದ್ರಿತ ಆಕರಗಳು ಎರಡು: ಲೇಡಿ ಲಾಗಿನ್ 1890ರಲ್ಲಿ ತನ್ನ ಗಂಡನ ಮತ್ತು ದುಲೀಪ್ ಸಿಂಗನ ಬಗೆಗೆ ಪ್ರಕಟಿಸಿದ ಗ್ರಂಥ, ಮತ್ತು ಆಕೆಯ ನೆನಪುಗಳನ್ನು ಮಗಳು ಸಂಪಾದಿಸಿ 1916ರಲ್ಲಿ ಹೊರತಂದ ಪುಸ್ತಕ. ಮೊದಲನೆಯದು ಮದುವೆಯಾಗಿ ಮೂವತ್ತು ವರ್ಷಗಳ ಮೇಲೆ ಬಂದದ್ದು; ಎರಡನೆಯದು ಐವತ್ತಾರು ವರ್ಷಗಳ ಮೇಲೆ, ಅದೂ ಇನ್ನೊಬ್ಬರ ಕೈ ದಾಟಿ. ಅಷ್ಟು ಹೊತ್ತಿಗೆ ಗೌರಮ್ಮ ತೀರಿಕೊಂಡು ದಶಕಗಳೇ ಆಗಿದ್ದವು, ದುಲೀಪ್ ಸಿಂಗ್ ಬ್ರಿಟಿಷ್ ಸರ್ಕಾರದೊಡನೆ ಬಹಿರಂಗವಾಗಿ ಜಗಳವಾಡಿದ್ದ, ಲೇಡಿ ಲಾಗಿನ್ ತನ್ನ ಮತ್ತು ತನ್ನ ಗಂಡನ ಪೋಷಕತ್ವವನ್ನು ಸಮರ್ಥಿಸಿಕೊಳ್ಳಬೇಕಾದ ಸ್ಥಿತಿ ಬಂದಿತ್ತು. ವಧುವಿನ ಪೋಷಕಿಯೂ ವರನ ತಂಗಿಯೂ ಆದವಳು ಆ ಮದುವೆಯ ಚರಿತ್ರಕಾರಳೂ ಆಗಿದ್ದಾಳೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂಬ ಮಾತನ್ನು ಬಲ್ಲ ನಮ್ಮ ಸಮಾಜದ ಓದುಗನಿಗೆ ಈ ಸ್ಥಿತಿಯ ತೊಡಕು ಬೇಗನೆ ಅರ್ಥವಾಗಬೇಕು. ಇಲ್ಲಿ ಹೆಣ್ಣಿನ ಕಡೆಯವರಾಗಿ ನಿಂತವರೇ ಗಂಡಿನ ಕಡೆಯವರು.

ಲೇಡಿ ಲಾಗಿನ್ ಸುಳ್ಳು ಹೇಳಿದ್ದಾಳೆಂದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಆಕೆ ಹುಡುಗಿಗೆ ಒಳ್ಳೆಯ ಮನೆ ಸಿಗಲೆಂದೇ ಅಣ್ಣನೊಡನೆ ಸಂಬಂಧವನ್ನು ಒಪ್ಪಿರಬಹುದು. ಗೌರಮ್ಮನೇ ಕ್ಯಾಂಪ್‌ಬೆಲ್‌ನನ್ನು ಬಯಸಿ ಮದುವೆಯಾಗಿರಬಹುದು. ಇತರರ ಮನೆಗಳಲ್ಲಿ ಆಶ್ರಿತಳಾಗಿ ಎಂಟು ವರ್ಷ ಕಳೆದವಳಿಗೆ ತನ್ನದೇ ಒಂದು ಮನೆಯ ಆಸೆ ಇರಲಿಲ್ಲವೆಂದು ಹೇಳಲು ನಾವು ಯಾರು? ಸ್ತ್ರೀವಾದಿ ಓದುಗಳು ಕೆಲವೊಮ್ಮೆ ಇಂಥ ಹೆಣ್ಣುಗಳನ್ನು ಪೂರ್ಣವಾಗಿ ಬಲಿಪಶುಗಳನ್ನಾಗಿ ಮಾಡಿಬಿಡುತ್ತವೆ. ಅದೂ ಅವರ ಬಾಯಿಯನ್ನು ಇನ್ನೊಮ್ಮೆ ಮುಚ್ಚಿದಂತೆಯೇ. ನನ್ನ ಆಕ್ಷೇಪ ಅಷ್ಟು ದೂರ ಹೋಗುವುದಿಲ್ಲ. ಆಕೆಯ ಸ್ವಭಾವ, ಆಕೆಯ ಇಷ್ಟಾನಿಷ್ಟ, ದಾಂಪತ್ಯದ ಸುಖದುಃಖ ಕುರಿತ ಪ್ರತಿಯೊಂದು ವಿಶೇಷಣವನ್ನೂ ಅದು ಯಾವ ಆಕರದಿಂದ ಬಂದಿದೆ ಎಂದು ಹೇಳಿಯೇ ಬಳಸಬೇಕು. ‘ಚಂಚಲೆ’, ‘ಹಟಮಾರಿ’, ‘ಉಲ್ಲಾಸಿನಿ’ ಮುಂತಾದ ಪದಗಳು ಕನ್ನಡದ ಲೇಖನಗಳಲ್ಲಿ ಆಧಾರವಾಕ್ಯವಿಲ್ಲದೆ ಬರುವಾಗ ಅವು ನಾದಿನಿಯ ಮಾತುಗಳಾಗಿರುವ ಸಂಭವ ಹೆಚ್ಚು.

ರಾಣಿಯ ದಿನಚರಿ ಇನ್ನೊಂದು ಆಕರ. ಅದು 2012ರಲ್ಲಿ ಗಣಕೀಕರಣಗೊಂಡು ಸಂಶೋಧಕರಿಗೆ ದೊಡ್ಡ ಅನುಕೂಲವಾಗಿದೆ. ಆದರೆ ಅದನ್ನೂ ಎಚ್ಚರದಿಂದಲೇ ಓದಬೇಕು. ರಾಣಿಯ ಮರಣಾನಂತರ ಕಿರಿಯ ಮಗಳು ಬಿಯಾಟ್ರಿಸ್ ದಿನಚರಿಯನ್ನು ಸಂಕ್ಷೇಪಿಸಿ ಪ್ರತಿಮಾಡಿ ಮೂಲವನ್ನು ಸುಟ್ಟುಹಾಕಿದಳು. ಗೌರಮ್ಮನಿಗೆ ಸಂಬಂಧಿಸಿದ 1852ರಿಂದ 1864ರವರೆಗಿನ ಪುಟಗಳು ನಮಗೆ ಉಳಿದಿರುವುದು ಈ ಪ್ರತಿಯಲ್ಲಿ. ಹಸ್ತಪ್ರತಿಗಳನ್ನು ಪಾಠಾಂತರಗಳೊಡನೆ ಪರಿಶೀಲಿಸುವ ಶಿಸ್ತಿನಲ್ಲಿ ಬೆಳೆದ ಕನ್ನಡ ಅಧ್ಯಾಪಕರಿಗೆ, ಮಗಳ ಕೈಯಿಂದ ಶುದ್ಧಗೊಂಡ ಪ್ರತಿಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

5

ಮದುವೆಯ ವರ್ಷವೇ ಇನ್ನೊಂದು ತೀರ್ಮಾನ ಹೊರಬಿತ್ತು. ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಅವನ ದಾವೆಯ ತೀರ್ಪು 1860ರಲ್ಲಿ ಬಂದಿತು. ಕಂಪೆನಿ ಆ ಸಾಲಪತ್ರಗಳನ್ನು ವಶಪಡಿಸಿಕೊಂಡದ್ದು ವ್ಯಾಪಾರಿ ಸಂಸ್ಥೆಯಾಗಿ ಅಲ್ಲ, ಯುದ್ಧ ನಡೆಸಿದ ರಾಜಶಕ್ತಿಯಾಗಿ. ಅಂಥ ಕಾರ್ಯವನ್ನು ಪ್ರಶ್ನಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬ ಆಧಾರದ ಮೇಲೆ ದಾವೆ ವಜಾ ಆಯಿತು. ಯುದ್ಧ ಮುಗಿದು ಇಪ್ಪತ್ತಾರು ವರ್ಷಗಳಾದ ಮೇಲೂ ಆ ಹಣ ಯುದ್ಧದ ಕೊಳ್ಳೆಯಾಗಿಯೇ ಉಳಿಯಿತು. ಈ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ಅದರ ಹಿಂದೆ ಹೊಸದಾಗಿ ಮದುವೆಯಾದ ಮಗಳೊಬ್ಬಳಿದ್ದಳೆಂಬುದು ಅವರ ಟಿಪ್ಪಣಿಗಳಲ್ಲಿ ಬರುವುದಿಲ್ಲ. ನಮ್ಮ ಕಡೆ ಗೌರಮ್ಮನ ಬಗೆಗೆ ಬರೆದವರೂ ತೀರ್ಪಿನ ಕಡೆ ಹೆಚ್ಚು ಗಮನ ಕೊಟ್ಟಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಓದಿದಾಗ 1834ನ್ನೂ 1860ನ್ನೂ ಕೂಡಿಸುವ ಎಳೆ ಸಿಗುತ್ತದೆ.

ಇದರ ಜೊತೆಗೆ ಅಂದಿನ ಇಂಗ್ಲೆಂಡಿನ ವಿವಾಹ ಕಾನೂನನ್ನೂ ನೆನೆಯಬೇಕು. ವಿಶೇಷವಾದ ಒಪ್ಪಂದಪತ್ರದ ಮೂಲಕ ಕಾಯ್ದಿರಿಸದಿದ್ದರೆ, ಹೆಂಡತಿಯ ಚರಸ್ವತ್ತು ಮದುವೆಯೊಡನೆ ಗಂಡನದಾಗುತ್ತಿತ್ತು. ಅದನ್ನು ಬದಲಿಸಿದ ಕಾಯಿದೆಗಳು ಬಂದದ್ದು 1870ರಲ್ಲಿ ಮತ್ತು 1882ರಲ್ಲಿ, ಗೌರಮ್ಮ ತೀರಿಕೊಂಡ ಮೇಲೆ. ಸ್ತ್ರೀಧನದ ಕಲ್ಪನೆಯಿದ್ದ ನಾಡಿನಿಂದ ಹೋದವಳು, ಹೆಣ್ಣಿಗೆ ಸ್ವಂತ ಒಡವೆಯ ಹಕ್ಕನ್ನೂ ಹಾಗೆ ಸುಲಭವಾಗಿ ಒಪ್ಪದ ನಾಡಿನ ‘ಸುಧಾರಣೆ’ಯ ಉದಾಹರಣೆಯಾಗಿ ಪ್ರದರ್ಶಿತಳಾದಳು. ಅರಸನ ಮನೆಯ ಒಡವೆಗಳು ಏನಾದವು, ಕ್ಯಾಂಪ್‌ಬೆಲ್ ಅವುಗಳನ್ನು ಏನು ಮಾಡಿದ ಎಂಬ ಬಗೆಗೆ ರೋಚಕವಾದ ಕಥೆಗಳು ಪ್ರಚಾರದಲ್ಲಿವೆ. ಪತ್ರಿಕೆಗಳಿಗೆ ಅವು ಇಷ್ಟವಾಗುತ್ತವೆ. ಆದರೆ ಒಡವೆಯ ಪೆಟ್ಟಿಗೆಯನ್ನು ಹುಡುಕುವ ಉತ್ಸಾಹದಲ್ಲಿ, ಕಾನೂನುಬದ್ಧವಾಗಿಯೇ ಕೈತಪ್ಪಿಹೋಗಬಹುದಾಗಿದ್ದ ಸ್ವತ್ತಿನ ಪ್ರಶ್ನೆ ಬದಿಗೆ ಸರಿದುಬಿಡುತ್ತದೆ.

1861ರಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು. 1864ರ ವಸಂತದಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಕ್ಷಯದಿಂದ ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ.

6

ಇನ್ನು ಕನ್ನಡದ ಕಡೆಗೆ ಬರಬಹುದು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ನೆಲೆಸಿ, 1855ರಲ್ಲಿ ಕೊಡಗಿನ ಚರಿತ್ರೆಯ ಬಗೆಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ. ರಿಕ್ಟರನ ಕೊಡಗಿನ ಕೈಪಿಡಿ 1870ರಲ್ಲಿ ಬಂದಿತು. ಇಬ್ಬರೂ ಬಾಸೆಲ್ ಮಿಶನ್ನಿನವರು. ಇಬ್ಬರಿಗೂ ಕನ್ನಡ ಚೆನ್ನಾಗಿ ತಿಳಿದಿತ್ತು, ಕೊಡಗಿನ ಜನರೊಡನೆ ಒಡನಾಟವಿತ್ತು. ಆದರೂ ಅವರ ದೃಷ್ಟಿಯಲ್ಲಿ ಅರಸನ ಪತನ ಒಂದು ದೈವನಿಯಮ. ಅಂಥ ಕಥನದಲ್ಲಿ ಮಗಳ ಮತಾಂತರಕ್ಕೆ ಸಿಗುವ ಸ್ಥಾನ ಮೊದಲೇ ನಿಗದಿಯಾಗಿರುತ್ತದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾಯಿತು, 1983ರ ಜ್ಞಾನಪೀಠ ಪ್ರಶಸ್ತಿಯಿಂದ ಅದರ ಓದು ವಿಸ್ತಾರಗೊಂಡಿತು. ಈ ಮನೆತನದ ಬಗೆಗೆ ಕನ್ನಡಿಗರ ಕಲ್ಪನೆಯನ್ನು ರೂಪಿಸಿದ ಕೃತಿ ಅದೇ. ಕಾದಂಬರಿಯ ಆಸಕ್ತಿ ರಾಜ್ಯವೊಂದು ಒಳಗಿನಿಂದ ಕುಸಿಯುವ ಬಗೆಯಲ್ಲಿದೆ. ಅದರ ತೂಕವೆಲ್ಲ ಮಡಿಕೇರಿಯಲ್ಲಿದೆ. ಲಂಡನ್ನಿನ ಹನ್ನೆರಡು ವರ್ಷಗಳು ಅಂಥ ವಸ್ತುವಿಗೆ ಹೊರಗಿನವು. ಇದು ಕೃತಿಯ ದೋಷವಲ್ಲ. ಆದರೆ ಶ್ರೇಷ್ಠ ಕೃತಿಯೊಂದು ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಗೇ ನಮ್ಮ ಕುತೂಹಲವೂ ನಿಂತುಬಿಟ್ಟದ್ದು ವಿಮರ್ಶೆಯ ದೋಷ. ಚಿಕ್ಕವೀರರಾಜೇಂದ್ರನ ಬಗೆಗೆ ನಮ್ಮ ವಿಭಾಗಗಳಲ್ಲಿ ನಡೆದಿರುವ ಚರ್ಚೆಯ ಹತ್ತರಲ್ಲೊಂದು ಪಾಲೂ ಗೌರಮ್ಮನಿಗೆ ಸಂದಿಲ್ಲ. ಸಿ.ಪಿ. ಬೆಳ್ಳಿಯಪ್ಪನವರು 2010ರಲ್ಲಿ ಇಂಗ್ಲಿಷಿನಲ್ಲಿ ಆಕೆಯ ಜೀವನಚರಿತ್ರೆ ಬರೆದು ದೊಡ್ಡ ಕೊರತೆಯೊಂದನ್ನು ತುಂಬಿದರು. ಚದುರಿಹೋಗಿದ್ದ ಸಂಗತಿಗಳನ್ನು ಶ್ರಮದಿಂದ ಒಟ್ಟುಗೂಡಿಸಿದ ಆ ಗ್ರಂಥವೂ ಅನಿವಾರ್ಯವಾಗಿ ಇಂಗ್ಲೆಂಡಿನ ಆಕರಗಳನ್ನೇ ಅವಲಂಬಿಸಿದೆ. ಬೇರೆ ಆಕರ ಸುಲಭವಾಗಿ ಸಿಗುವುದಾದರೂ ಎಲ್ಲಿ?

ಭಾಷೆಯ ಪ್ರಶ್ನೆ ನಮ್ಮದೇ ಕ್ಷೇತ್ರಕ್ಕೆ ಸೇರಿದ್ದು. ಹಾಲೇರಿ ಅರಸರ ಆಡಳಿತದ ಭಾಷೆ ಕನ್ನಡ. ರಾಜೇಂದ್ರನಾಮೆ ಕನ್ನಡದ್ದು, ಲಿಂಗರಾಜೇಂದ್ರನ ಹುಕುಂನಾಮೆ ಕನ್ನಡದ್ದು. ಕಾಶಿಗೆ ಹೋದ ಪರಿವಾರದ ಒಳಮನೆಯ ಮಾತೂ ಕನ್ನಡವೇ ಆಗಿದ್ದಿರಬೇಕು, ಹೊರಗಿನದು ಹಿಂದೂಸ್ಥಾನಿ. ಹನ್ನೊಂದು ವರ್ಷದವರೆಗೆ ಆ ಮಾತನ್ನು ಕೇಳಿ ಬೆಳೆದವಳು ಅನಂತರ ಇಂಗ್ಲಿಷನ್ನಷ್ಟೇ ಆಡುವ ಮನೆಗಳಿಗೆ ಹೋದಳು. ಆಕೆಯೊಡನೆ ಬಾಲ್ಯದ ಭಾಷೆಯನ್ನು ಆಡಬಹುದಾಗಿದ್ದ ತಂದೆಯನ್ನು ದೂರವಿರಿಸಲಾಗಿತ್ತು. 1946ರ ಹಡಗಿನ ಬ್ರಿಟಿಷ್ ವಧುವಿಗೂ ಗೌರಮ್ಮನಿಗೂ ಇರುವ ಅತಿ ದೊಡ್ಡ ವ್ಯತ್ಯಾಸ ಇದು. ಆ ವಧು ಸಾಗರದಾಚೆಗೆ ಹೋದರೂ ತನ್ನ ಭಾಷೆಯೊಳಗೇ ಇದ್ದಳು, ತವರಿಗೆ ಕಾಗದ ಬರೆದಳು, ಕಾಗದವನ್ನು ಎತ್ತಿಟ್ಟುಕೊಳ್ಳುವ ತಾಯಿ ಅಲ್ಲಿದ್ದಳು. ಗೌರಮ್ಮ ಯಾರಿಗೆ ಕನ್ನಡದಲ್ಲಿ ಬರೆಯಬೇಕಿತ್ತು? ಗೌರಿಹಬ್ಬಕ್ಕೆ ಮಗಳು ತವರಿಗೆ ಬರುವ, ಬಾಗಿನ ಪಡೆಯುವ ನಾಡಿನ ದೇವತೆಯ ಹೆಸರನ್ನು ಹೊತ್ತವಳಿಗೆ ಹಿಂದಿರುಗುವ ತವರೆಂಬುದೇ ಇರಲಿಲ್ಲ. ನಮ್ಮ ಗರತಿಯ ಹಾಡುಗಳಲ್ಲಿ ಎಷ್ಟು ದೂರದ ಊರಿಗೆ ಕೊಟ್ಟ ಮಗಳಿಗೂ ತವರಿನ ದಾರಿಯೊಂದು ಉಳಿದಿರುತ್ತದೆ.

ಆದುದರಿಂದ ಹುಡುಕಬೇಕಾದ ಸ್ಥಳಗಳು ಬೇರೆ ಇವೆ. ಕಾಶಿಯ ಜಂಗಮವಾಡಿ ಮಠ ಲಿಂಗಾಯತ ಪರಂಪರೆಯ ಪ್ರಾಚೀನ ಕೇಂದ್ರ. ಅರಸನ ಪರಿವಾರ ಅಷ್ಟು ವರ್ಷ ಅದೇ ನಗರದಲ್ಲಿತ್ತು. ಅಲ್ಲಿಯ ಕಾಗದಪತ್ರಗಳನ್ನು ಈ ದೃಷ್ಟಿಯಿಂದ ಕನ್ನಡ ಬಲ್ಲವರು ನೋಡಬೇಕು. ಚಾನ್ಸರಿ ದಾವೆಯ ಕಡತದಲ್ಲಿ ಅರಸನ ಕಡೆಯ ಹೇಳಿಕೆಗಳಿರುತ್ತವೆ. ಅವುಗಳಲ್ಲಿ ಅನುವಾದಗೊಂಡ ಮೂಲಗಳು ಯಾವ ಭಾಷೆಯವೆಂದು ಪರಿಶೀಲಿಸಬೇಕು. ನೇಪಾಳಕ್ಕೆ ಹೋದ ಅಕ್ಕನ ಬದುಕು ಇನ್ನೊಂದು ದಾರಿ. ಇಬ್ಬರು ಸೋದರಿಯರ ಜೀವನಗಳನ್ನು ಒಟ್ಟಿಗೆ ಇಟ್ಟು ಮಾಡುವ ಅಧ್ಯಯನ ಕನ್ನಡದಲ್ಲಿ ಬರಬೇಕಾಗಿದೆ. ಸಂಶೋಧನಾರ್ಥಿಗಳು ಇದನ್ನು ಕೈಗೆತ್ತಿಕೊಂಡರೆ, ನಾದಿನಿ ಮತ್ತು ರಾಣಿ ಇಬ್ಬರ ಕಣ್ಣಿನ ಹೊರಗಿನ ಗೌರಮ್ಮ ಅಷ್ಟಿಷ್ಟಾದರೂ ಗೋಚರಿಸಬಹುದು.

ಆಕೆಯದೇ ಎನ್ನಬಹುದಾದ ಒಂದು ಚಿಕ್ಕ ಕುರುಹು ಮಾತ್ರ ನಮ್ಮೆದುರಿಗಿದೆ. ಅದು ಆಕೆಯ ಮಗಳ ಹೆಸರು. ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ಇಂಗ್ಲಿಷ್ ಹೆಸರೊಂದು, ರಾಣಿಯ ಹೆಸರೊಂದು, ತಂದೆಯ ಕುಲನಾಮ ಕೊನೆಗೆ. ನಡುವೆ ರೋಮನ್ ಅಕ್ಷರಗಳಲ್ಲಿ ತೊಡಕಿನಿಂದ ಬರೆದ ಗೌರಮ್ಮ. ಇದನ್ನು ಇರಿಸಿದವರು ತಾಯಿಯೋ, ತಂದೆಯೋ, ಅರಮನೆಯ ಪದ್ಧತಿಯೋ, ಪಟ್ಟಿಗಳಿಂದ ಗೊತ್ತಾಗುವುದಿಲ್ಲ. 1861ರ ಇಂಗ್ಲೆಂಡಿನ ಮಗುವಿನ ಹೆಸರಿನಲ್ಲಿ ಅದು ಇದೆ.